ಶೇಖಜ್ಜನ ಕಮೀಸು

ಸೋರೆಬುರುಡೆಯ ಪುಟ್ಟ ಪಾತ್ರೆ. ಅದರಲ್ಲಿ ಹಸಿರು ಪುಡಿ, ಮೇಲೆ ಬಿಸಿನೀರು. ನಡುವೆ ಒಂದು ಲೋಹದ ನಳಿಕೆ. ಶೇಖ್ ಅವರು ಮೊದಲು ತಾವು ಹೀರಿ ಮುಗಿಸಿದರು. ಮತ್ತೆ ಬಿಸಿನೀರು ಹೊಯ್ದರು. ನಿಂಬೆ ಸಿಪ್ಪೆಯ ಚೂರಿನಿಂದ ನಳಿಕೆಯ ತುದಿಯನ್ನು ಚೆನ್ನಾಗಿ ಉಜ್ಜಿದರು. ಆಮೇಲೆ ಪಾತ್ರೆಯನ್ನು ನನ್ನ ಕಡೆ ಚಾಚಿ "ತಫದ್ದಲ್" ಎಂದರು. ತಗೊಳ್ಳಿ ಅಂತ.

ನಾನು ಸಿದ್ದಾಪುರ ತಾಲೂಕಿನವನು. ಅಪ್ಪ ದೇವಸ್ಥಾನದ ಅರ್ಚಕರು. ನಮ್ಮ ಮನೆಯಲ್ಲಿ ನೀರು ಕುಡಿಯುವಾಗ ತಂಬಿಗೆ ತುಟಿಗೆ ತಾಗಬಾರದು. ತಾಗಿದರೆ ಅಮ್ಮ ಅದನ್ನು ಹುಳಿ ಹಾಕಿ ತಿಕ್ಕಿ ತೊಳೆಯುವವರೆಗೆ ಒಳಗೆ ಬಿಡುತ್ತಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದವನ ಮುಂದೆ ಇನ್ನೊಬ್ಬರು ಬಾಯಿಟ್ಟ ನಳಿಕೆ ಬಂದು ನಿಂತಿತ್ತು. ಅದೂ ದಕ್ಷಿಣ ಲೆಬನಾನಿನ ಒಂದು ಗುಡ್ಡದೂರಿನಲ್ಲಿ, ಬಿಳಿ ಪೇಟದ ನಾಲ್ವರು ಹಿರಿಯರು ನನ್ನನ್ನೇ ನೋಡುತ್ತಾ ಕೂತಿದ್ದಾಗ.

ನಾನು ತೆಗೆದುಕೊಂಡೆ. ಕುಡಿದೆ. ನಮ್ಮ ಕಡೆಯ ಕಿರಾತಕಡ್ಡಿ ಕಷಾಯದಷ್ಟಲ್ಲ, ಆದರೂ ಕಹಿ. ಪಾತ್ರೆ ಖಾಲಿಯಾಗುವವರೆಗೂ ಹೀರಿ ವಾಪಸ್ ಕೊಟ್ಟೆ. ಹಿರಿಯರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಆ ಮನೆಯ ಜಗಲಿಗೂ ನನಗೂ ನಂಟು ಬೆಳೆದದ್ದು ಅಲ್ಲಿಂದ.

ಭಾರತೀಯ ಸೇನೆಯಲ್ಲಿ ನಾನು ಧರ್ಮಗುರುವಾಗಿದ್ದೆ. ದಾಖಲೆಗಳಲ್ಲಿ ಆ ಹುದ್ದೆಯ ಹೆಸರು ರಿಲಿಜಿಯಸ್ ಟೀಚರ್. ಜವಾನರ ಬಾಯಲ್ಲಿ ಬರೀ "ಪಂಡಿತ್‌ಜೀ". ಇಂಥದ್ದೊಂದು ಕೆಲಸ ಇದೆ ಎಂದು ನಮ್ಮ ಊರಲ್ಲಿ ಇವತ್ತಿಗೂ ಹೆಚ್ಚಿನವರಿಗೆ ಗೊತ್ತಿಲ್ಲ. ಹಾಗಾಗಿ ಸ್ವಲ್ಪ ಹೇಳುತ್ತೇನೆ. ಪಂಡಿತ, ಸಿಖ್ಖರ ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಕು ಎಲ್ಲರನ್ನೂ ಸೇನೆ ನೇರವಾಗಿ ನಾಯಬ್ ಸುಬೇದಾರ್ ದರ್ಜೆಗೆ ತೆಗೆದುಕೊಳ್ಳುತ್ತದೆ. ಪದವಿ ಬೇಕು. ಪಂಡಿತನಾದರೆ ಸಂಸ್ಕೃತದಲ್ಲಿ ಆಚಾರ್ಯ ಆಗಿರಬೇಕು, ಇಲ್ಲವೇ ಶಾಸ್ತ್ರಿ ಮುಗಿಸಿ ಕರ್ಮಕಾಂಡದ ಡಿಪ್ಲೊಮಾ ಮಾಡಿರಬೇಕು. ತರಬೇತಿ ಪುಣೆಯ ಇನ್‌ಸ್ಟಿಟ್ಯೂಟ್ ಆಫ್ ನ್ಯಾಷನಲ್ ಇಂಟಿಗ್ರೇಷನ್‌ನಲ್ಲಿ. ನನ್ನ ಪಕ್ಕದ ಮಂಚ ಒಬ್ಬ ಮೌಲ್ವಿಯವರದು, ಎದುರಿನದು ಗ್ರಂಥಿಯವರದು. ಬೆಳಗಿನ ಜಾವ ಮೊದಲು ಎದ್ದವರು ಉಳಿದ ಇಬ್ಬರನ್ನು ಎಬ್ಬಿಸಬೇಕು ಎಂದು ಒಪ್ಪಂದ. ಸಿಖ್ಖರ ಪ್ರಾರ್ಥನೆ ಅರ್ದಾಸ್ ಹೇಳುವುದನ್ನು ನಾನು ಕಲಿತದ್ದು ಆ ಗ್ರಂಥಿಯವರಿಂದಲೇ.

ನೇಮಕಾತಿಯ ಪ್ರಕಟಣೆಯಲ್ಲಿ ನಮ್ಮ ಕೆಲಸ ಏನೇನು ಎಂದು ಬರೆದಿರುತ್ತದೆ. ಧರ್ಮಗ್ರಂಥಗಳನ್ನು ಬೋಧಿಸುವುದು, ಪೂಜೆ ಪುನಸ್ಕಾರ ನಡೆಸುವುದು, ಅಂತ್ಯಕ್ರಿಯೆಗೆ ಹೋಗುವುದು, ಆಸ್ಪತ್ರೆಯಲ್ಲಿರುವವರ ಬಳಿ ಕೂರುವುದು, ಶಿಕ್ಷೆ ಅನುಭವಿಸುತ್ತಿರುವ ಸಿಪಾಯಿಗಳನ್ನು ಕಾಣುವುದು, ಮಕ್ಕಳಿಗೆ ಪಾಠ ಹೇಳುವುದು. ಊರ ಹೊರಗಿನ ಶೇಖ್ ಒಬ್ಬರ ಜಗಲಿಯಲ್ಲಿ ಕೂರುವುದು ಆ ಪಟ್ಟಿಯಲ್ಲಿ ಇಲ್ಲ. ಆದರೆ ನನ್ನ ಇಡೀ ಸೇವೆಯಲ್ಲಿ ನಾನು ಮಾಡಿದ ಮುಖ್ಯ ಕೆಲಸ ಅದೇ ಎಂದು ಈಗ ಅನ್ನಿಸುತ್ತದೆ.

ಯಾವ ಪಲ್ಟಣ್, ಯಾವ ವರ್ಷ ಎಂದು ಬರೆಯುವುದಿಲ್ಲ. ಪಕ್ಕದ ಸಿರಿಯಾದಲ್ಲಿ ಯುದ್ಧ ಜೋರಾಗಿದ್ದ ಕಾಲ ಅಷ್ಟೇ. ಲೆಬನಾನಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ 1978ರಿಂದ ಇದೆ. ಯುನಿಫಿಲ್ ಎನ್ನುತ್ತಾರೆ. ಭಾರತದ ಬೆಟಾಲಿಯನ್ ಅಲ್ಲಿಗೆ ಹೋದದ್ದು 1998ರಲ್ಲಿ. ಅಲ್ಲಿಂದ ಒಂದು ಪಲ್ಟಣ್ ಬಂದು ಇನ್ನೊಂದು ಹೋಗುತ್ತಾ ನಡೆದಿದೆ. ನಮ್ಮ ಕ್ಯಾಂಪು ಎಬೆಲ್ ಎಸ್ ಸಾಕಿ ಎಂಬ ಊರಿನ ಹತ್ತಿರ. ಎದುರಿಗೇ ಹರ್ಮೋನ್ ಪರ್ವತ, 2,814 ಮೀಟರ್. ಅಲ್ಲಿಯವರು ಅದನ್ನು ಜಬಲ್ ಅಲ್ ಶೇಖ್ ಎನ್ನುತ್ತಾರೆ. ಅಂದರೆ ಶೇಖನ ಬೆಟ್ಟ. ಚಳಿಗಾಲದಲ್ಲಿ ತಲೆಯ ತುಂಬ ಹಿಮ ಹೊತ್ತು ನಿಂತಾಗ ನಿಜಕ್ಕೂ ಬಿಳಿ ಪೇಟದ ಮುದುಕನ ಹಾಗೆಯೇ ಕಾಣುತ್ತದೆ.

ಆ ಬೆಟ್ಟದ ಬುಡದಲ್ಲಿ ಎಷ್ಟು ಧರ್ಮ ಅಂತೀರಿ! ಮರ್ಜಯೂನ್‌ನಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ಜಾಸ್ತಿ. ಕ್ಲೈಯಾದಲ್ಲಿ ಕ್ರೈಸ್ತರಲ್ಲೇ ಇನ್ನೊಂದು ಪಂಗಡದ ಮಾರೊನೈಟರು. ಖಿಯಾಮ್ ಶಿಯಾ ಮುಸ್ಲಿಮರ ಊರು. ಮೇಲೆ ಶೆಬಾ ಸುನ್ನಿಗಳದು. ಹಸ್ಬಯಾದ ಸುತ್ತ ದ್ರೂಜರು, ಸಾವಿರ ವರ್ಷದ ಹಿಂದೆ ಇಸ್ಲಾಮಿನಿಂದ ಕವಲೊಡೆದು ತಮ್ಮದೇ ಧರ್ಮವಾದವರು. ಎಬೆಲ್ ಎಸ್ ಸಾಕಿಯಲ್ಲಿ ಕ್ರೈಸ್ತರೂ ದ್ರೂಜರೂ ಅಕ್ಕಪಕ್ಕ. ಜೀಪಿನಲ್ಲಿ ಅರ್ಧ ಗಂಟೆ ಹೋದರೆ ನಾಲ್ಕು ಬಗೆಯ ಪ್ರಾರ್ಥನೆ ಕಿವಿಗೆ ಬೀಳುತ್ತದೆ. ಮೂರು ದಶಕಗಳಲ್ಲಿ ಎಷ್ಟು ಪೆಟ್ಟು ತಿಂದ ನೆಲ ಅದು! ಇಸ್ರೇಲಿ ಪಡೆ 2000ದ ಮೇ ತಿಂಗಳವರೆಗೂ ಅಲ್ಲೇ ಇತ್ತು. 2006ರಲ್ಲಿ ಮತ್ತೆ ಯುದ್ಧವಾಯಿತು. ಅಲ್ಲಿನ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ತೀರಿಹೋದವರ ಫೋಟೊ ಇರುತ್ತದೆ.

ಶುರುವಿನಲ್ಲಿ ನನ್ನ ಲೋಕ ಕ್ಯಾಂಪಿನ ಮಂದಿರಕ್ಕೇ ಸೀಮಿತವಾಗಿತ್ತು. ಬೆಳಗ್ಗೆ ಸಂಜೆ ಆರತಿ, ವಾರಕ್ಕೊಮ್ಮೆ ಭಜನೆ, ಹಬ್ಬ ಬಂದರೆ ಲಂಗರಿನಲ್ಲಿ, ಅಂದರೆ ಜವಾನರ ಅಡುಗೆಮನೆಯಲ್ಲಿ, ಸಿಹಿ. ಮನೆಯಿಂದ ದೂರ ಬಂದ ಹುಡುಗರು. ರಾತ್ರಿ ಫೋನಲ್ಲಿ ಹೆಂಡತಿ ಅತ್ತಳು ಅಂತ ಬೆಳಗ್ಗೆ ಬಂದು ಸುಮ್ನೆ ನನ್ನ ಪಕ್ಕ ಕೂರುತ್ತಿದ್ದರು.

ನನ್ನನ್ನು ಹೊರಗೆ ಕರೆದುಕೊಂಡು ಹೋದದ್ದು ನಮ್ಮ ಪಶುವೈದ್ಯ ಅಧಿಕಾರಿ. ಭಾರತೀಯ ಬೆಟಾಲಿಯನ್ ಆ ಕಡೆ ಹೆಸರು ಮಾಡಿದ್ದು ಬಂದೂಕಿನಿಂದಲ್ಲ, ದನ ಆಡುಗಳಿಗೆ ಕೊಟ್ಟ ಔಷಧಿಯಿಂದ. ಒಂದು ದಿನ ಅವರು ಹಸ್ಬಯಾ ಹತ್ತಿರದ ಊರಲ್ಲಿ ಒಬ್ಬರ ಆಡುಗಳನ್ನು ನೋಡಲು ಹೊರಟಿದ್ದರು. ಆಡಿನ ಒಡೆಯರು ಆ ಊರಿನ ದ್ರೂಜ್ ಶೇಖ್, ಅಂದರೆ ಧರ್ಮದ ಹಿರಿಯರು. ಹಿಂದಿನ ಸಲ ಹೋದಾಗ "ನಿಮ್ಮ ಸೈನ್ಯದಲ್ಲಿ ದೇವರ ಕೆಲಸ ಮಾಡುವವರು ಇದ್ದಾರಂತೆ, ಹೌದಾ?" ಎಂದು ಕೇಳಿದ್ದರಂತೆ. ನಮ್ಮ ಪಲ್ಟಣಿನ ಮುಖ್ಯಸ್ಥರಾದ ಸಿಓ ಸಾಹೇಬರು ನನ್ನನ್ನು ಕರೆದು, "ಪಂಡಿತ್‌ಜೀ, ಹೋಗಿ ಬನ್ನಿ. ಏನೂ ಮಾಡಬೇಕಿಲ್ಲ. ಸುಮ್ನೆ ಕಂಡು ಬನ್ನಿ" ಎಂದರು. ಆ ಮಾತು ನನಗೆ ದೊಡ್ಡ ವರವಾಯಿತು.

ಜೊತೆಗೆ ಬಂದ ದುಭಾಷಿ ಅಲ್ಲಿಯದೇ ಹುಡುಗಿ, ಕ್ರೈಸ್ತಳು. ಅರಬ್ಬಿಯಿಂದ ಇಂಗ್ಲಿಷಿಗೆ ಅವಳು, ಅದನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಕೂರುವವನು ನಾನು. ಶೇಖ್ ಅವರಿಗೆ ಎಪ್ಪತ್ತು ದಾಟಿತ್ತು. ಕಪ್ಪು ನಿಲುವಂಗಿ, ಬಿಳಿ ಪೇಟ, ಎದೆಯವರೆಗಿನ ಗಡ್ಡ. ಮನಸ್ಸಿನಲ್ಲಿ ನಾನು ಅವರನ್ನು ಶೇಖಜ್ಜ ಎಂದು ಕರೆಯತೊಡಗಿದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಆ ಹಸಿರು ಪುಡಿಯ ಹೆಸರು ಮಾತೆ. ದಕ್ಷಿಣ ಅಮೆರಿಕದ್ದು. ದುಡಿಯಲು ಅರ್ಜೆಂಟೀನಾ ಕಡೆ ಹೋದ ಊರಿನವರು ವಾಪಸ್ ಬರುವಾಗ ಈ ಅಭ್ಯಾಸ ತಂದರು. ಈಗ ದ್ರೂಜರ ಮನೆಯಲ್ಲಿ ಅದಿಲ್ಲದೆ ಮಾತೇ ಶುರುವಾಗುವುದಿಲ್ಲ. ಎಲ್ಲರಿಗೂ ಒಂದೇ ಪಾತ್ರೆ, ಒಂದೇ ನಳಿಕೆ. ನಮ್ಮಲ್ಲಿ ಬಂದವರ ಮುಂದೆ ಕವಳದ ಹರಿವಾಣ ಇಡುತ್ತೇವಲ್ಲ, ಹಾಗೆ.

ಮೊದಲ ಮೂರ್ನಾಲ್ಕು ಭೇಟಿಯಲ್ಲಿ ದೇವರ ಮಾತೇ ಬರಲಿಲ್ಲ. ಆಡು, ಆಲಿವ್, ಮಳೆ. ನಮ್ಮಲ್ಲಿ ಮಳೆಗಾಲ ನಾಲ್ಕು ತಿಂಗಳು ಎಂದರೆ ಅವರಿಗೆ ನಂಬಲು ಆಗಲಿಲ್ಲ. ಅಡಿಕೆಗೆ ಕೊಳೆರೋಗ ಬರುವುದನ್ನು ವಿವರಿಸಿದೆ. ಆಲಿವ್ ಕಾಯಿಗೆ ಹುಳ ಬೀಳುವುದನ್ನು ಅವರು ವಿವರಿಸಿದರು. ಇಬ್ಬರಿಗೂ ತೋಟ ಇದ್ದದ್ದು ಅನುಕೂಲವಾಯಿತು.

ಐದನೆಯ ಭೇಟಿ ಇರಬೇಕು. ಶೇಖಜ್ಜ ಕೇಳಿದರು: "ಸತ್ತ ಮೇಲೆ ಏನಾಗುತ್ತದೆ ಅಂತ ನಿಮ್ಮವರು ಹೇಳುತ್ತಾರೆ?"

ನಾನು ಗೀತೆಯ ಎರಡನೆಯ ಅಧ್ಯಾಯದ ಶ್ಲೋಕ ಹೇಳಿದೆ. "ವಾಸಾಂಸಿ ಜೀರ್ಣಾನಿ ಯಥಾ ವಿಹಾಯ ನವಾನಿ ಗೃಹ್ಣಾತಿ ನರೋಽಪರಾಣಿ..." ಹಳೆಯ ಬಟ್ಟೆ ಬಿಟ್ಟು ಮನುಷ್ಯ ಹೊಸದು ತೊಡುವ ಹಾಗೆ ಜೀವವೂ ಹಳೆಯ ದೇಹ ಬಿಟ್ಟು ಹೊಸದಕ್ಕೆ ಹೋಗುತ್ತದೆ ಎಂದೆ. ದುಭಾಷಿ ಹುಡುಗಿ ಅದನ್ನು ಅರಬ್ಬಿಗೆ ತಿರುಗಿಸುತ್ತಿದ್ದಂತೆ ಜಗಲಿಯಲ್ಲಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶೇಖಜ್ಜ ತಮ್ಮ ಅಂಗಿಯ ಕೊರಳಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸಿದರು.

"ಕಮೀಸ್" ಎಂದರು. "ತಕಮ್ಮುಸ್" ಎಂದರು.

ಅರಬ್ಬಿಯಲ್ಲಿ ಕಮೀಸ್ ಅಂದರೆ ಅಂಗಿ. ನಾವು ಸೇನೆಯ ಹಿಂದಿಯಲ್ಲಿ ದಿನವೂ ಹೇಳುವ ಕಮೀಜ್ ಅದೇ. ದ್ರೂಜರು ಪುನರ್ಜನ್ಮವನ್ನು ನಂಬುತ್ತಾರೆ. ಅದಕ್ಕೆ ಅವರ ಮಾತು ತಕಮ್ಮುಸ್. ಅಂಗಿ ತೊಡುವುದು ಅಂತ. ದೇಹ ಅಂದರೆ ಅವರಿಗೂ ಅಂಗಿಯೇ.

ನನಗೆ ಮೈ ಜುಮ್ಮೆಂದಿತು. ಚಿಕ್ಕಂದಿನಲ್ಲಿ ಗೋಕರ್ಣದ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಶ್ಲೋಕ ಅದು. ಎಷ್ಟು ಮನೆಗಳ ಸಾವಿನಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಅದರ ಅಂಗಿಯನ್ನು ಒಬ್ಬರು ಹೀಗೆ ಬೆರಳಲ್ಲಿ ಎತ್ತಿ ತೋರಿಸಿದ್ದು ಅದೇ ಮೊದಲು.

ಆಮೇಲೆ ವ್ಯತ್ಯಾಸಗಳ ಮಾತು ಬಂತು. ಅವರ ಪ್ರಕಾರ ಜೀವ ಒಂದು ಕ್ಷಣವೂ ಕಾಯುವುದಿಲ್ಲ. ಇಲ್ಲಿ ಉಸಿರು ನಿಂತ ಹೊತ್ತಿಗೇ ಅಲ್ಲೆಲ್ಲೋ ಹುಟ್ಟುವ ಕೂಸಿಗೆ ಸೇರುತ್ತದೆ. ಮನುಷ್ಯ ಮನುಷ್ಯನಾಗಿಯೇ ಹುಟ್ಟುತ್ತಾನೆ. ದ್ರೂಜ್ ದ್ರೂಜನಾಗಿಯೇ. ನಮ್ಮಲ್ಲಿ ಕರ್ಮ ನೋಡಿಕೊಂಡು ಪ್ರಾಣಿಯೂ ಆಗಬಹುದು ಎಂದೆ. ಅವರು ತುಂಬ ಹೊತ್ತು ಯೋಚಿಸಿ, "ಆಡಿಗೆ ತಪ್ಪು ಯಾವುದು ಅಂತ ಗೊತ್ತಿಲ್ಲ. ಗೊತ್ತಿಲ್ಲದವನಿಗೆ ಶಿಕ್ಷೆ ಯಾಕೆ?" ಎಂದು ಕೇಳಿದರು. ಶಾಸ್ತ್ರದಲ್ಲಿ ಅದಕ್ಕೆ ಉತ್ತರ ಇದೆ. ಹೇಳಿದೆ ಕೂಡ. ಆದರೆ ಆ ಪ್ರಶ್ನೆ ಮಾತ್ರ ಇವತ್ತಿಗೂ ನನ್ನ ಒಳಗೆ ಉಳಿದಿದೆ. ಅವರ ಊರುಗಳಲ್ಲಿ ಹಿಂದಿನ ಜನ್ಮದ ಮನೆ, ಮಕ್ಕಳನ್ನು ನೆನಪಿಸಿಕೊಂಡು ಹೇಳುವ ಮಕ್ಕಳ ಕತೆಗಳು ಎಷ್ಟೋ ಇವೆ. ಅದಕ್ಕೆ ನುತ್ಕ್ ಎನ್ನುತ್ತಾರೆ, ಮಾತಾಡುವುದು ಅಂತ.

ಹೀಗೆ ಮಾತು ಹತ್ತಿರವಾದಾಗಲೇ ನಾನು ಒಂದು ತಪ್ಪು ಮಾಡಿದೆ. ಅವರ ಧರ್ಮಗ್ರಂಥವನ್ನು ಒಮ್ಮೆ ನೋಡಬಹುದೇ ಎಂದು ಕೇಳಿಬಿಟ್ಟೆ.

ದುಭಾಷಿ ಹುಡುಗಿ ಅನುವಾದಿಸುವ ಮೊದಲು ನನ್ನ ಮುಖ ನೋಡಿದಳು. ಅವಳ ನೋಟದಲ್ಲೇ ನನಗೆ ಅರ್ಥವಾಗಬೇಕಿತ್ತು. ದ್ರೂಜರಲ್ಲಿ ಎರಡು ಬಗೆ. ದೀಕ್ಷೆ ಪಡೆದವರು ಉಕ್ಕಾಲ್, ಅಂದರೆ ತಿಳಿದವರು. ಉಳಿದವರೆಲ್ಲ ಜುಹ್ಹಾಲ್, ತಿಳಿಯದವರು. ಗ್ರಂಥ ಓದುವ ಹಕ್ಕು ತಿಳಿದವರಿಗೆ ಮಾತ್ರ. ಗುರುವಾರ ಸಂಜೆ ಖಲ್ವಾ ಎಂಬ ಪ್ರಾರ್ಥನಾ ಮನೆಯಲ್ಲಿ ಅವರಷ್ಟೇ ಸೇರುತ್ತಾರೆ. ಹೊರಗಿನವರನ್ನು ಧರ್ಮಕ್ಕೆ ಸೇರಿಸಿಕೊಳ್ಳುವುದನ್ನು ಅವರು 1043ರಲ್ಲೇ ನಿಲ್ಲಿಸಿದ್ದಾರೆ. ಸ್ವಂತ ಮಗನಿಗೇ ತೋರಿಸದ ಪುಸ್ತಕವನ್ನು ನಾನು, ಯೂನಿಫಾರ್ಮ್ ತೊಟ್ಟ ಪರದೇಶಿ, ಜಗಲಿಯಲ್ಲಿ ಕೂತು ಕೇಳಿದ್ದೆ.

ಶೇಖಜ್ಜ ಸಿಟ್ಟು ಮಾಡಲಿಲ್ಲ. ಮಾತು ಬೇರೆ ಕಡೆ ತಿರುಗಿಸಿದರು. ಆದರೆ ಮುಂದಿನ ಸಲ ಹೋದಾಗ ಮಾತೆ ಬರಲಿಲ್ಲ. ಕಾಫಿ ಬಂತು. ಪುಟ್ಟ ಪುಟ್ಟ ಕಪ್ಪುಗಳಲ್ಲಿ, ಪ್ರತಿಯೊಬ್ಬರಿಗೂ ಬೇರೆ ಬೇರೆ. ಅದರ ಮುಂದಿನ ಸಲವೂ ಕಾಫಿ. ಎಂಜಲಿಗೆ ಹಿಂಜರಿದಿದ್ದ ನಾನು ಆ ಎರಡು ತಿಂಗಳು ಅದೇ ನಳಿಕೆಗಾಗಿ ಕಾದೆ.

ಕ್ಷಮೆ ಕೇಳಲು ಹೋದದ್ದು ಒಬ್ಬನೇ, ದುಭಾಷಿಯ ಜೊತೆ. ಇಷ್ಟೇ ಹೇಳಿದೆ: "ನಮ್ಮ ಮನೆಯ ಗರ್ಭಗುಡಿಗೆ ಅಪ್ಪ ಬಿಟ್ಟರೆ ಯಾರೂ ಹೋಗುವ ಹಾಗಿಲ್ಲ. ನನಗೆ ಗೊತ್ತಿರಬೇಕಿತ್ತು." ಶೇಖಜ್ಜ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಸೋರೆಬುರುಡೆ ಇತ್ತು.

ಇದೇ ಕಾರಣಕ್ಕೆ ಇನ್ನೊಂದು ಘಟನೆ ಹೇಳಲೇಬೇಕು. ಒಮ್ಮೆ ಒಬ್ಬರು ನನ್ನ ಬಳಿ ಬಂದರು. ಯಾರು, ಎಲ್ಲಿಯವರು ಅನ್ನುವುದು ಬೇಡ. "ನೀವು ಆ ಶೇಖ್ ಮನೆಗೆ ಹೋಗುತ್ತೀರಲ್ಲ. ಅಲ್ಲಿಗೆ ಬೇರೆ ಯಾರೆಲ್ಲ ಬರುತ್ತಾರೆ, ಬೆಟ್ಟದ ಆಚೆಯಿಂದ ಹುಡುಗರು ಬರುತ್ತಾರಾ, ಮಾತಿನ ನಡುವೆ ಕೇಳಿ ನೋಡಿ" ಎಂದರು. ತುಂಬ ಸಲುಗೆಯಿಂದಲೇ ಕೇಳಿದರು. ನಾನು ಆಗುವುದಿಲ್ಲ ಎಂದೆ. ಯಾಕೆ ಎಂದಾಗ, "ನಾನು ಒಂದು ಸಲ ಕೇಳಿದರೆ ನನ್ನ ನಂತರ ಬರುವ ಹತ್ತು ಪಂಡಿತರಿಗೆ ಆ ಬಾಗಿಲು ಮುಚ್ಚುತ್ತದೆ" ಎಂದೆ. ಸಿಓ ಸಾಹೇಬರಿಗೂ ತಿಳಿಸಿದೆ. ಅವರು ನನ್ನ ಪಕ್ಕ ನಿಂತರು.

ನನ್ನ ಕ್ರಮ ಹೀಗಿತ್ತು. ಎಲ್ಲಿಗೆ ಹೋದೆ, ಯಾರನ್ನು ಕಂಡೆ, ಎಷ್ಟು ಹೊತ್ತಿಗೆ ಬಂದೆ ಎಂದು ಬರೆದು ಕೊಡುತ್ತಿದ್ದೆ. ಅಲ್ಲಿನವರ ಕಷ್ಟ ಏನಾದರೂ ಇದ್ದರೆ, ನೀರಿನ ಪಂಪು, ರಸ್ತೆ, ಆಡಿನ ಕಾಯಿಲೆ, ಅದನ್ನೂ ಅವರಿಗೆ ಹೇಳಿಯೇ ಬರೆಯುತ್ತಿದ್ದೆ. ಮನಸ್ಸು ಬಿಚ್ಚಿ ಆಡಿದ ಮಾತು ಮಾತ್ರ ಕಾಗದಕ್ಕೆ ಬರುತ್ತಿರಲಿಲ್ಲ. ಇರಾಕ್, ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೇನೆಯ ಚಾಪ್ಲಿನ್‌ಗಳು, ಅಂದರೆ ಅವರ ಧರ್ಮಗುರುಗಳು, ಅಲ್ಲಿನ ಇಮಾಮರನ್ನು ಕಂಡು ಮಾತಾಡುವ ಕೆಲಸ ಮಾಡಿದ್ದಾರೆ. ಅವರ ನಿಯಮದಲ್ಲೂ ಇದು ಇದೆ, ಗುರಿ ಹುಡುಕುವ ಗುಪ್ತಚರ ಕೆಲಸಕ್ಕೆ ಚಾಪ್ಲಿನ್‌ನನ್ನು ಬಳಸಬಾರದು ಎಂದು. ಅದನ್ನು ಓದಿದಾಗ ನನಗೆ ಸಮಾಧಾನವಾಯಿತು. ಈ ಇಕ್ಕಟ್ಟು ನನ್ನೊಬ್ಬನದೇ ಅಲ್ಲ, ಅಲ್ವಾ?

ಶೇಖಜ್ಜನ ಮನೆ ಒಂದೇ ಅಲ್ಲ, ಬೇರೆ ಬಾಗಿಲುಗಳೂ ತೆರೆದವು. ಮರ್ಜಯೂನ್ ಕಡೆಯ ಒಬ್ಬ ಆರ್ಥೊಡಾಕ್ಸ್ ಪಾದ್ರಿಗಳು ಈಸ್ಟರ್ ಮೊದಲಿನ ದೊಡ್ಡ ಉಪವಾಸದಲ್ಲಿ ನನ್ನನ್ನು ಊಟಕ್ಕೆ ಕರೆದರು. ಆಗ ಅವರಿಗೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. "ವರ್ಷದಲ್ಲಿ ಈ ಒಂದು ಕಾಲದಲ್ಲಿ ನಿಮಗೆ ಏನು ಬಡಿಸುವುದು ಅಂತ ಚಿಂತೆ ಇಲ್ಲ" ಎಂದರು. ಬೇಳೆ ಅಕ್ಕಿ ಬೇಯಿಸಿದ ಮುಜದ್ದರ, ಆಲಿವ್, ರೊಟ್ಟಿ. ಮುಜದ್ದರ ನಮ್ಮ ಖಿಚಡಿಗೆ ಹತ್ತಿರ. ಖಿಯಾಮಿನ ಒಬ್ಬ ಶಿಯಾ ಧರ್ಮಗುರು ಸಯ್ಯದರನ್ನು ಕಂಡದ್ದು ಎರಡೇ ಸಲ. ಅದು ಮೊಹರಂ ತಿಂಗಳು, ಬೀದಿ ತುಂಬ ಕಪ್ಪು ಬಾವುಟ. ನಮ್ಮ ಮುದಗಲ್ಲಿನ ಮೊಹರಂ ಬಗ್ಗೆ ಹೇಳಿದೆ. ಅಲ್ಲಿ ಹಿಂದೂಗಳೂ ಹರಕೆ ಹೊರುತ್ತಾರೆ, ಉತ್ತರ ಕರ್ನಾಟಕದ ಎಷ್ಟೋ ಊರಲ್ಲಿ ಅಲಾಯಿ ಕುಣಿತಕ್ಕೆ ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಾರೆ ಎಂದೆ. ಗೌರಿಬಿದನೂರು ತಾಲೂಕಿನ ಅಲಿಪುರದಲ್ಲಿ ಹೆಚ್ಚಿನವರು ಶಿಯಾಗಳೇ ಎಂದೆ. ಅವರು ಆ ಊರಿನ ಹೆಸರನ್ನು ಕಾಗದದ ಮೇಲೆ ಅರಬ್ಬಿಯಲ್ಲಿ ಬರೆದುಕೊಂಡರು.

ಇನ್ನೊಂದು ವಿಷಯ ಬಿಡಲು ಮನಸ್ಸಾಗುತ್ತಿಲ್ಲ. ಅಲ್ಲಿಂದ ಇಸ್ರೇಲಿನ ಹೈಫಾ ಹಕ್ಕಿ ಹಾರುವ ದಾರಿಯಲ್ಲಿ ನೂರು ಕಿಲೋಮೀಟರೂ ಇಲ್ಲ. ನಡುವೆ ಗಡಿ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದವರ ಜೊತೆ ಹೈಫಾ ಗೆದ್ದವರು ನಮ್ಮ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಆ ದಿನ ಬಂದಾಗ ಕ್ಯಾಂಪಿನ ಮಂದಿರದಲ್ಲಿ ಒಂದು ದೀಪ ಹೆಚ್ಚು ಹಚ್ಚಿದೆ. ಕನ್ನಡದ ಹುಡುಗರು ನಾಲ್ಕೈದು ಮಂದಿ ಬಂದು ನಿಂತರು.

ಈಗ ಅಥಣಿಯ ಹುಡುಗನ ವಿಷಯ.

ಅವನ ಅಪ್ಪ ತೀರಿಕೊಂಡ ಸುದ್ದಿ ಬಂದದ್ದು ರಾತ್ರಿ. ರಜೆ ತಕ್ಷಣ ಸಿಕ್ಕಿತು, ವಿಮಾನ ಇದ್ದದ್ದು ಮೂರು ದಿನ ಬಿಟ್ಟು. ಅಷ್ಟರಲ್ಲಿ ಊರಲ್ಲಿ ಅಣ್ಣ ಚಿತೆಗೆ ಬೆಂಕಿ ಕೊಟ್ಟಾಗಿತ್ತು. ಹುಡುಗ ಅಳಲಿಲ್ಲ. ಊಟ ಮಾಡಲಿಲ್ಲ. ಮಾರನೆಯ ಬೆಳಗ್ಗೆ ನನ್ನ ಬಳಿ ಬಂದು, "ಪಂಡಿತಜೀ, ಇಲ್ಲೇ ಹೊಳಿ ಐತೇನ್ರಿ? ಅಪ್ಪಗ ನೀರು ಬಿಡಬೇಕು" ಎಂದ.

ಹೊಳೆ ಇತ್ತು. ಹಸ್ಬಾನಿ. ಮೊದಲ ಹತ್ತು ದಿನ ತಿಲೋದಕ ಕೊಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ದರ್ಭೆ ನನ್ನ ಪೆಟ್ಟಿಗೆಯಲ್ಲಿತ್ತು. ಎಳ್ಳು ಮುಗಿದಿತ್ತು. ಲೆಬನಾನಿನಲ್ಲಿ ಎಳ್ಳಿಗೆ ಬರವಿಲ್ಲ, ಆದರೆ ಎಲ್ಲವೂ ಬಿಳಿ. ನನಗೆ ಬೇಕಿದ್ದದ್ದು ಕರಿ ಎಳ್ಳು. ಅಂಗಡಿಯವರಿಗೆ ಕಪ್ಪು ಸಿಮ್‌ಸಿಮ್ (ಅರಬ್ಬಿಯಲ್ಲಿ ಎಳ್ಳು) ಎಂದು ಕೈಸನ್ನೆ ಮಾಡಿ ಹೇಳಿದೆ. ಅವರು ತುಂಬ ಪ್ರೀತಿಯಿಂದ ಒಂದು ಪೊಟ್ಟಣ ಕಟ್ಟಿಕೊಟ್ಟರು. ಬಿಚ್ಚಿ ನೋಡಿದರೆ ಕೃಷ್ಣಜೀರಿಗೆ. ಕೊನೆಗೆ ಬಿಳಿ ಎಳ್ಳನ್ನೇ ತೆಗೆದುಕೊಂಡೆ. ದೇಶ ಕಾಲ ನೋಡಿ ನಡೆಯಬೇಕು ಎಂದು ಶಾಸ್ತ್ರವೇ ಹೇಳಿದೆ.

ಅಂಗಡಿಯಲ್ಲಿ ವಿಷಯ ಬಾಯಿಗೆ ಬಾಯಿ ಹಬ್ಬಿತೋ ಏನೋ. ನಾವು ನದಿಗೆ ಇಳಿದು ಅರ್ಧ ಗಂಟೆಯೂ ಆಗಿರಲಿಲ್ಲ. ತಲೆ ಎತ್ತಿದರೆ ದಡದ ಮೇಲೆ ಶೇಖಜ್ಜ ನಿಂತಿದ್ದರು. ಪಕ್ಕದಲ್ಲಿ ಇನ್ನಿಬ್ಬರು ಹಿರಿಯರು. ಮೂವರೂ ಎದೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದರು. ದ್ರೂಜರಲ್ಲಿ ಸಾವಿನ ಮನೆಗೆ ಹೋಗುವುದು ಬಿಡಲಾಗದ ಕರ್ತವ್ಯ. ಸುತ್ತಲಿನ ಊರುಗಳಿಂದೆಲ್ಲ ಬರುತ್ತಾರೆ. ಇಲ್ಲಿ ಸಾವಿನ ಮನೆ ಅಥಣಿಯಲ್ಲಿತ್ತು. ಅದಕ್ಕೇ ಅವರು ನದಿಗೆ ಬಂದರು.

ಮಂತ್ರ ನಾನು ಹೇಳಿದೆ. ಅವನು ಬೊಗಸೆಯಲ್ಲಿ ನೀರು ಎಳ್ಳು ಹಿಡಿದು ಬಿಟ್ಟ. ದಡಕ್ಕೆ ಬಂದ ಮೇಲೆ ಶೇಖಜ್ಜ ಅವನ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿದರು: "ನಿನ್ನ ಅಪ್ಪ ಎಂಥವರು?"

ಆ ಹುಡುಗನಿಗೆ ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ರಜೆ, ವಿಮಾನ, ದರ್ಭೆ, ಎಳ್ಳು ಎಂದು ಓಡಾಡುತ್ತಿದ್ದೆ. ಅವನು ಹೇಳತೊಡಗಿದ. ಕಬ್ಬಿನ ಗದ್ದೆಗೆ ರಾತ್ರಿ ನೀರು ಕಟ್ಟಲು ಹೋಗುವಾಗ ಅಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದದ್ದು. ಕೃಷ್ಣಾ ಹೊಳೆ ಏರಿ ಬಂದಾಗ ಮೊದಲು ಎತ್ತುಗಳನ್ನು ಬಿಚ್ಚಿದ್ದು. ಭರ್ತಿಗೆ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲಿ ಒಂದು ಮಾತೂ ಆಡದೆ ಬರೀ ಚೀಲ ಹಿಡಿದು ನಿಂತದ್ದು. ಕನ್ನಡದಲ್ಲಿ ಹೇಳುತ್ತಾ ಹೋದ. ನಾನು ಇಂಗ್ಲಿಷಿಗೆ ತಂದೆ, ಹುಡುಗಿ ಅರಬ್ಬಿಗೆ ತಂದಳು. ಎತ್ತಿನ ಮಾತು ಬಂದಾಗ ಅವನು ಅಳತೊಡಗಿದ. ಶೇಖಜ್ಜ ಅವನ ತಲೆಯ ಮೇಲೆ ಕೈಯಿಟ್ಟು "ಅಲ್ಲಾ ಯರ್ಹಮೊ" ಎಂದರು. ದೇವರು ಅವರಿಗೆ ಕರುಣೆ ತೋರಲಿ ಅಂತ. ಮತ್ತಿಬ್ಬರೂ ಅದನ್ನೇ ಹೇಳಿದರು. ಅವತ್ತು ಮಧ್ಯಾಹ್ನ ಹುಡುಗ ಊಟ ಮಾಡಿದ.

ನಾನು ಕಲಿತ ಮಂತ್ರಗಳ ಪಕ್ಕದಲ್ಲಿ ಆ ಪ್ರಶ್ನೆಯನ್ನೂ ಇಟ್ಟುಕೊಂಡೆ. ನಿವೃತ್ತನಾಗುವವರೆಗೂ ಯಾವ ಜವಾನನ ಮನೆಯಲ್ಲಿ ಸಾವಾದರೂ ಮೊದಲು ಅದನ್ನೇ ಕೇಳಿದೆ.

ವರ್ಷ ಮುಗಿಯಿತು. ಬರುವ ಮೊದಲು ನನ್ನ ಜಾಗಕ್ಕೆ ಬಂದ ಪಂಡಿತರನ್ನು ಜಗಲಿಗೆ ಕರೆದುಕೊಂಡು ಹೋದೆ. ಪುಸ್ತಕದ ಬಗ್ಗೆ ಕೇಳಬೇಡಿ, ನಳಿಕೆ ಕೊಟ್ಟರೆ ಬೇಡ ಅನ್ನಬೇಡಿ, ಗುರುವಾರ ಸಂಜೆ ಹೋಗಬೇಡಿ ಎಂದು ದಾರಿಯಲ್ಲೇ ಹೇಳಿದ್ದೆ. ಶೇಖಜ್ಜ ನನಗೆ ಒಂದು ಸೋರೆಬುರುಡೆ, ಒಂದು ನಳಿಕೆ, ಒಂದು ಕಿಲೋ ಮಾತೆ ಕೊಟ್ಟರು. ನಾನು ಕೊಟ್ಟದ್ದು ಗೋಕರ್ಣದಿಂದ ತಂದಿದ್ದ ಸಣ್ಣ ತಾಮ್ರದ ತಂಬಿಗೆ.

2024ರ ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಅಲ್ಲಿ ಮತ್ತೆ ಯುದ್ಧ. ಖಿಯಾಮ್ ಬಹುಪಾಲು ನೆಲಸಮವಾಯಿತು. ಟಿವಿಯಲ್ಲಿ ಆ ಊರಿನ ಹೆಸರು ಬಂದಾಗಲೆಲ್ಲ ಅಲಿಪುರ ಎಂದು ಬರೆದುಕೊಂಡ ಆ ಕೈ ಕಣ್ಣಿಗೆ ಕಟ್ಟುತ್ತಿತ್ತು. ಆ ಸಯ್ಯದರ ಸುದ್ದಿ ಸಿಕ್ಕಿಲ್ಲ. ಶೇಖಜ್ಜನ ಮಗ ವಾಟ್ಸಾಪಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ಒಂದು ಸಾಲು ಕಳಿಸುತ್ತಿದ್ದ, ಎಲ್ಲರೂ ಇದ್ದೇವೆ ಎಂದು. ನವೆಂಬರ್ 27ಕ್ಕೆ ಕದನ ವಿರಾಮವಾದಾಗ ಆಲಿವ್ ಮರದ ಫೋಟೊ ಕಳಿಸಿದ. ಆ ವರ್ಷ ಕಾಯಿ ಕೊಯ್ಯಲು ಆಗಿರಲಿಲ್ಲವಂತೆ.

ಆಮೇಲೆ 2025ರ ಆಗಸ್ಟ್‌ನಲ್ಲಿ ಭದ್ರತಾ ಮಂಡಳಿ ಯುನಿಫಿಲ್‌ನ ಅವಧಿಯನ್ನು ಕೊನೆಯ ಬಾರಿಗೆ ವಿಸ್ತರಿಸಿತು. 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅಂದರೆ ನಮ್ಮವರೂ ವಾಪಸ್. ಆ ಜಗಲಿಗೆ ಇನ್ನು ಹೊಸ ಪಂಡಿತ್‌ಜೀ ಹೋಗುವುದಿಲ್ಲ. ಎಷ್ಟು ಜನ ಹೋಗಿ ಕೂತಿದ್ದರೋ, ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿಕೊಂಡು ಬಂದ ನಂಟು ಅದು. ಯಾವ ಫೈಲಿನಲ್ಲೂ ಇಲ್ಲ. ಅದಕ್ಕೇ ಇಲ್ಲಿ ಬರೆದೆ.

ಮೊನ್ನೆ ಶೇಖಜ್ಜನ ಮಗನ ಸಂದೇಶ ಬಂತು. ಅಜ್ಜ ತೀರಿಕೊಂಡ ಸುದ್ದಿ. ನಿದ್ದೆಯಲ್ಲೇ ಹೋದರಂತೆ. ಏನು ಮಾಡಲೂ ತೋಚಲಿಲ್ಲ. ಕೊನೆಗೆ ಕೇಳಿದೆ, ನಮ್ಮ ಹೊಳೆಯಲ್ಲಿ ಅವರ ಹೆಸರಿಗೆ ಸ್ವಲ್ಪ ನೀರು ಬಿಡಬಹುದೇ, ನಿಮಗೆ ತಪ್ಪೆನಿಸುತ್ತದಾ ಎಂದು. ತುಂಬ ಹೊತ್ತು ಉತ್ತರವಿರಲಿಲ್ಲ. ಆಮೇಲೆ ಬರೆದ: "ನೀರು ಬೇಡ. ಅಪ್ಪ ಆಗಲೇ ಎಲ್ಲೋ ಹುಟ್ಟಿದ್ದಾರೆ. ಆದರೆ ಅವರು ಆಗಾಗ ಹೇಳುತ್ತಿದ್ದರು, ನೀವು ಹೇಳಿದ ಅಂಗಿಯ ಮಾತು. ಅದನ್ನು ನಿಮ್ಮ ದನಿಯಲ್ಲಿ ಕಳಿಸುತ್ತೀರಾ? ಮನೆಯಲ್ಲಿ ಎಲ್ಲರೂ ಕೇಳಬೇಕು ಅಂತಿದ್ದಾರೆ."

ಜಗಲಿಯಲ್ಲಿ ಕೂತು ಫೋನು ಹಿಡಿದೆ. ಮೊದಲ ಸಲ ಮಳೆ ಸದ್ದು ಜಾಸ್ತಿಯಾಯಿತು. ಎರಡನೆಯ ಸಲ ನನ್ನ ಗಂಟಲು ಕಟ್ಟಿತು. ಮೂರನೆಯ ಸಲ ಕೊನೆಯವರೆಗೂ ಹೇಳಿ ಕಳಿಸಿದೆ. ಎರಡು ನೀಲಿ ಗೆರೆ ಬಿದ್ದಿದೆ.